ಎಂಟು ಗೆರೆಯ ಓಲಾಟ

ಸೋಮವಾರ, ಊಟದ ಬಿಡುವು
ಚಿಕ್ಕಮ್ಮನ ವರ್ಕ್‌ಶಾಪಿನಿಂದ

ಕೆಂಪು ಶಾಯಿಯ ನನ್ನ ಅಮ್ಮನಿಗೆ,

ನಿನ್ನ ಕಾಗದ ತಲುಪಿತು. ಅದರ ಜೊತೆಗೆ ನಾನು ಹಿಂದಿನ ತಿಂಗಳು ಬರೆದ ಕಾಗದವೂ ತಿದ್ದಿಸಿಕೊಂಡು ವಾಪಸು ಬಂತು. ಹದಿನಾಲ್ಕು ತಪ್ಪು. ಮಗಳು ಬರೆದ ಕಾಗದಕ್ಕೆ ಅಂಕ ಹಾಕುವ ತಾಯಿ ಲೋಕದಲ್ಲಿ ನೀನೊಬ್ಬಳೇ ಇರಬೇಕು. ಚಿಕ್ಕಮ್ಮ ಅದನ್ನು ನೋಡಿ, "ಅಕ್ಕ ನಂಗೂ ಹೀಗೇ ಮಾಡ್ತಿದ್ಲು, ಅದಕ್ಕೇ ನಾನು ಅವಳಿಗೆ ಫೋನ್ ಮಾತ್ರ ಮಾಡೋದು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಮಾತ್ರ ಕಾಗದವನ್ನೇ ಬರೆಯುತ್ತೇನೆ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀನು ಉತ್ತರ ಮುಗಿಸಿರುತ್ತೀಯ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಬಂದು ಒಂದೂವರೆ ವರ್ಷವಾಯಿತು, ಅಲ್ಲಿ ಕಲಿತದ್ದೇನು, ಸುಳ್ಳು ಬೆರೆಸದೆ ಬರೆ; ಉತ್ತರ ಸರಿಯಿಲ್ಲದಿದ್ದರೆ ತಿಂಗಳ ಕೊನೆಗೆ ನಾನೇ ಚೀಲ ಹಿಡಿದುಕೊಂಡು ಬಂದು ಕರೆದುಕೊಂಡು ಹೋಗುತ್ತೇನೆ, ನಮ್ಮ ಶಾಲೆಯಲ್ಲೇ ಒಂದು ಜಾಗ ಇಟ್ಟಿದ್ದೇನೆ ಎಂದು. ಹೋದ ಸೋಮವಾರ ಆ ಕಾಗದ ಬಂದಾಗ ನನ್ನ ಹತ್ತಿರ ಒಳ್ಳೆಯ ಉತ್ತರವಿತ್ತು. ಇವತ್ತು ಇಲ್ಲ. ಆ ಉತ್ತರ ಏನಾಯಿತು ಎಂಬುದನ್ನೇ ಬರೆಯುತ್ತಿದ್ದೇನೆ.

ನಮ್ಮದು ಬಾಗಿಲ ಚಿಲಕ ಮಾಡುವ ವರ್ಕ್‌ಶಾಪು ಎಂದು ನಿನಗೆ ಗೊತ್ತು. ಒಂದೊಂದು ಚಿಲಕಕ್ಕೂ ಆರು ತೂತು. ಈವರೆಗೆ ಅದನ್ನು ನಾನು ಕೈ ಡ್ರಿಲ್ಲಿನಲ್ಲಿ ಕೊರೆಯುತ್ತಿದ್ದೆ. ಹತ್ತರಲ್ಲಿ ಎರಡು ವಾಲುತ್ತಿದ್ದವು. ಹೊಸದಾಗಿ ಬಂದ ದೊಡ್ಡ ಗಿರಾಕಿ ವಾಲಿದ ತೂತನ್ನು ಒಪ್ಪುವುದಿಲ್ಲ. ಹಾಗಾಗಿ ಚಿಕ್ಕಮ್ಮ ಹೇಳಿದ್ದಳು: "ಒಂದು ನಿಲುವು ಡ್ರಿಲ್ಲಿಂಗ್ ಮಿಷನ್ ಸಿಕ್ಕಿದ್ರೆ ಅದರ ಹಿಡಿ ನಿನ್ನ ಕೈಗೆ. ಸಿಗದಿದ್ರೆ ತೂತಿನ ಕೆಲಸ ಹೊರಗಡೆ ಕೊಟ್ಬಿಡ್ತೀನಿ. ಆಮೇಲೆ ನಿನ್ನನ್ನ ಇಲ್ಲಿ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ?" ಹೊಸ ಮಿಷನ್ನಿನ ಮಾತು ನಮ್ಮ ಕೈಗೆ ನಿಲುಕದ್ದು. ಸೆಕೆಂಡ್ ಹ್ಯಾಂಡ್ ಒಂದು ಮಾರಾಟಕ್ಕಿದೆ ಎಂದು ಕೇಳಿದ್ದು ಆಗಲೇ.

ಮಾರುವವರು ಹಿಂದಿನ ಬೀದಿಯ ಮುದುಕ ಮೇಸ್ತ್ರಿ. ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಾವು ಮಾಡಿದ್ದನ್ನು ತಾವೇ ಕಸಕ್ಕೆ ಎಸೆಯುತ್ತಾರೆಂದು ಇಲ್ಲಿ ಎಲ್ಲರೂ ಅವರನ್ನು ಕೂದಲೆಳೆ ಮೇಸ್ತ್ರಿ ಎನ್ನುತ್ತಾರೆ. ನಲವತ್ತು ವರ್ಷ ಬೀಗದ ತಗಡಿಗೆ ತೂತು ಕೊರೆದವರು. ಬೀಗದ ತಗಡೆಂದರೆ ಕೀಲಿ ತೂರುವ ಭಾಗ. ತೂತು ಜಾರಿದರೆ ಕೀಲಿ ಉಜ್ಜುತ್ತದೆ, ಬೀಗ ಕೆಲಸಕ್ಕೆ ಬಾರದು. ಎರಡು ವರ್ಷದ ಹಿಂದೆ ಅವರು ಕೊಟ್ಟ ತಗಡುಗಳು ಡಬ್ಬಿಗಟ್ಟಲೆ ವಾಪಸು ಬರತೊಡಗಿದವಂತೆ. ವಯಸ್ಸಾಯಿತು, ಕೈ ಹೋಯಿತು ಎಂದುಕೊಂಡು ಕೆಲಸ ನಿಲ್ಲಿಸಿ, ಈಗ ಮಿಷನ್ನನ್ನೂ ಮಾರಲು ಹೊರಟಿದ್ದರು.

ಚಿಕ್ಕಮ್ಮನಿಗೆ ಆರ್ಡರ್ ಮುಗಿಸುವ ಅವಸರ. ಅದಕ್ಕೇ ನನ್ನೊಬ್ಬಳನ್ನೇ ಕಳಿಸಿದಳು. "ಮಿಷನ್ ನೋಡ್ಕೊಂಡು ಬಾ, ಮಾರೋರ ಮುಖ ನೋಡ್ಕೊಂಡು ಬರ್ಬೇಡ. ಮೊದಲು ಮೂಗು, ಆಮೇಲೆ ಕೈ, ಕಿವಿ, ಕಣ್ಣು ಕೊನೇಗೆ" ಎಂದಳು. ಅಮ್ಮ, ಹದಿನೆಂಟು ವರ್ಷದಲ್ಲಿ ಯಾರಾದರೂ ನನ್ನನ್ನು ಒಂಟಿಯಾಗಿ ನಂಬಿ ಕಳಿಸಿದ್ದು ಅದೇ ಮೊದಲು. ಕಾಲು ನೆಲದ ಮೇಲಿರಲಿಲ್ಲ.

ಬುಧವಾರ ಬೆಳಗ್ಗೆ ಹೋದೆ. ಮನೆಯ ಮುಂದಿನ ಕೋಣೆಯೇ ಅವರ ಕೆಲಸದ ಕೋಣೆ. ಎಡಗಡೆ ಒಂದು ದೊಡ್ಡ ಕಿಟಕಿ. ಅದರಾಚೆ ಒಂದು ಮೊಳ ದೂರದಲ್ಲಿ ಪಕ್ಕದ ಗೋಡೌನಿನ ಗೋಡೆ. ಬಲಗಡೆ ಟ್ಯೂಬ್‌ಲೈಟು. ನಡುವೆ ಮಿಷನ್ನು. ಆಳೆತ್ತರದ ಕಬ್ಬಿಣದ ಕಂಬ, ತಲೆಯ ಹಿಂದೆ ಮೋಟಾರು, ಮುಂದೆ ತಿರುಗುವ ಸ್ಪಿಂಡಲ್ಲು. ಪಕ್ಕದ ಹಿಡಿಯನ್ನು ಎಳೆದರೆ ಸ್ಪಿಂಡಲ್ಲು ಕೆಳಗಿಳಿದು, ಟೇಬಲ್ಲಿನ ಮೇಲಿಟ್ಟ ತಗಡಿಗೆ ನೆಟ್ಟಗೆ ತೂತು ಕೊರೆಯುತ್ತದೆ. ಅದನ್ನು ನೋಡಿದ ಕೂಡಲೇ ನನಗೆ ಅದು ಬೇಕೇ ಬೇಕು ಅನ್ನಿಸಿತು. ಇದು ಮುಖ ನೋಡುವುದಕ್ಕಿಂತ ದೊಡ್ಡ ತಪ್ಪು; ಇದರ ಬಗ್ಗೆ ಚಿಕ್ಕಮ್ಮ ಎಚ್ಚರಿಸಿರಲಿಲ್ಲ.

ಮೊದಲು ಮೂಸಿದೆ. ಹೊಸ ಬಣ್ಣದ ವಾಸನೆಯಿದ್ದರೆ ಯಾವುದೋ ಬಿರುಕು ಮುಚ್ಚಿದ್ದಾರೆಂದು ಅರ್ಥ. ಸುಟ್ಟ ವಾಸನೆಯಿದ್ದರೆ ಮೋಟಾರಿನ ಕಥೆ ಮುಗಿದಿದೆಯೆಂದು. ಎರಡೂ ಇರಲಿಲ್ಲ, ಹಳೆಯ ಎಣ್ಣೆಯ ವಾಸನೆಯಷ್ಟೇ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. "ಏನಮ್ಮ, ಸಾರಿಗೆ ಉಪ್ಪು ಸರಿಯಾಗಿದ್ಯಾ?" ಎಂದರು. ನಾನು ನಗಲಿಲ್ಲ. ಮೋಟಾರಿನ ಮೇಲೆ ಅಂಗೈ ಇಟ್ಟೆ. ಕೆಲವರು ಗಿರಾಕಿ ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿರುತ್ತಾರೆ, ತಣ್ಣಗಿದ್ದಾಗ ಕಿರುಚುವ ಬೇರಿಂಗು ಬಿಸಿಯಾದಾಗ ಸುಮ್ಮನಿರುತ್ತದೆ. ಮೋಟಾರು ತಣ್ಣಗಿತ್ತು. ಆಗ ಅವರ ಹುಬ್ಬು ಮೇಲೆದ್ದಿತು. "ಓಹೋ, ಕಲಿತು ಬಂದಿದ್ದೀಯ" ಎಂದರು.

ಬೆಲ್ಟ್ ತೆಗೆದು ಮೋಟಾರನ್ನು ಬರಿದೇ ಓಡಿಸಿದೆ, ಬೆಲ್ಟ್ ಹಾಕಿ ಮತ್ತೆ ಓಡಿಸಿದೆ. ಸ್ಕ್ರೂ ಡ್ರೈವರಿನ ತುದಿಯನ್ನು ಬೇರಿಂಗಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನದೆಲ್ಲ ಕೇಳಿಸುತ್ತದೆ, ಡಾಕ್ಟರು ಎದೆ ನೋಡಿದ ಹಾಗೆ. ಜುಳುಜುಳು ಎಂದು ಒಂದೇ ಸಮನೆ ಸದ್ದು. ಸ್ಪಿಂಡಲ್ಲನ್ನು ಪೂರ್ತಿ ಕೆಳಗಿಳಿಸಿ ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದೆ, ಅಲುಗಲಿಲ್ಲ. ಟೇಬಲ್ಲಿನ ಮೇಲೆ ಬೆರಳಾಡಿಸಿದೆ. ಅಜಾಗರೂಕರ ಟೇಬಲ್ಲು ಜರಡಿಯ ಹಾಗಿರುತ್ತದೆ, ಡ್ರಿಲ್ಲು ತಗಡನ್ನು ದಾಟಿ ಟೇಬಲ್ಲನ್ನೂ ಕೊರೆದಿರುತ್ತದೆ. ಇಲ್ಲಿ ಒಂದೇ ಒಂದು ಗಾಯ. "ಮಗ ಹುಟ್ಟಿದ ದಿನದ್ದು" ಎಂದರು ಮೇಸ್ತ್ರಿ. "ಯಾರೋ ಬಂದು ಕಿವೀಲಿ ಕೂಗಿದ್ರು, ಕೈ ಒತ್ತಿಬಿಡ್ತು."

ಕೊನೆಗೆ ಕಣ್ಣು. ಇದು ಮುಖ್ಯ, ನಿಧಾನವಾಗಿ ಓದು. ಸ್ಪಿಂಡಲ್ಲು ಸೊಟ್ಟಗಿದೆಯೇ ಎಂದು ತಿಳಿಯಲು ಅದರ ಬಾಯಿಗೆ ಒಂದು ನೇರವಾದ ಉಕ್ಕಿನ ಕಡ್ಡಿಯನ್ನು ಕಚ್ಚಿಸಬೇಕು. ಕಡ್ಡಿಗೆ ಡಯಲ್ ಗೇಜಿನ, ಅಂದರೆ ಗಡಿಯಾರದ ಮುಖದಂಥ ಅಳತೆಯ ಸಾಧನದ, ತುದಿಯನ್ನು ತಾಗಿಸಿ ಸ್ಪಿಂಡಲ್ಲನ್ನು ಕೈಯಲ್ಲೇ ನಿಧಾನವಾಗಿ ಸುತ್ತಬೇಕು. ಗೇಜಿನ ಮುಳ್ಳು ನಿಂತಲ್ಲೇ ನಿಂತರೆ ಸರಿ. ಓಲಾಡಿದರೆ ತೊಂದರೆ. ಒಂದು ಗೆರೆಯೆಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ನಾನು ಸುತ್ತಿದೆ. ಮುಳ್ಳು ಎಂಟು ಗೆರೆ ಓಲಾಡಿತು. ಮತ್ತೆ ಸುತ್ತಿದೆ, ಎಂಟು.

"ತಾತ, ಸ್ಪಿಂಡಲ್ ಸೊಟ್ಟ ಇದೆ. ಎಂಟು ಗೆರೆ" ಎಂದೆ.

ಮಾರುವವರಿಗೆ ಹೀಗೆ ಹೇಳಿದರೆ ಸಾಮಾನ್ಯವಾಗಿ ಜಗಳವಾಗುತ್ತದೆ. ಮೇಸ್ತ್ರಿ ಸ್ಟೂಲಿನಿಂದ ಎದ್ದು ಬಂದರು. ಕನ್ನಡಕ ಏರಿಸಿ ಮುಳ್ಳನ್ನು ನೋಡಿದರು. ಆಮೇಲೆ ಒಳಮನೆಯ ಕಡೆ ತಿರುಗಿ ಕೂಗಿಕೊಂಡರು: "ಏಯ್, ಕೇಳಿದ್ಯಾ? ಬಾ ಇಲ್ಲಿ! ಮಿಷನ್ನು ಕಣೇ! ನನ್ನ ಕೈಯಲ್ಲ, ಮಿಷನ್ನು!" ಅವರ ಹೆಂಡತಿ ಟೀ ಲೋಟ ಹಿಡಿದು ಬಾಗಿಲಿಗೆ ಬಂದರು. ಮೇಸ್ತ್ರಿ ಎರಡೂ ಅಂಗೈಗಳನ್ನು ಹೆಂಡತಿಯ ಮುಖದ ಮುಂದೆ ಹಿಡಿದು, ಶಾಲೆಯಲ್ಲಿ ಉಗುರು ತೋರಿಸುವ ಮಗುವಿನ ಹಾಗೆ ನಿಂತಿದ್ದರು. ಅಜ್ಜಿ ಮಾತ್ರ, "ಸರಿ, ಹಾಗಾದ್ರೆ ಬೇಗ ಎತ್ತಿಸಿ" ಎಂದು ಟೀ ಇಟ್ಟು ಹೋದರು.

ನನಗೊಂದು ಅನುಮಾನ. ಇಷ್ಟು ತಿಳಿದವರು ಎರಡು ವರ್ಷದಲ್ಲಿ ಒಂದು ಸಲವೂ ಸ್ಪಿಂಡಲ್ಲನ್ನು ಪರೀಕ್ಷಿಸಲಿಲ್ಲವೇ? ಕೇಳಿಯೇ ಬಿಟ್ಟೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಆ ಗಾದೆಗೆ ಹೆದರಿದೆ" ಎಂದರು. ಟೀ ಕುಡಿದು, ತಾವಾಗಿಯೇ ಇನ್ನೊಂದು ಮಾತು ಹೇಳಿದರು: "ಪರೀಕ್ಷೆ ಮಾಡಿ, ನೆಲ ನೆಟ್ಟಗಿದೆ ಅಂತ ಬಂದುಬಿಟ್ರೆ? ಅದಕ್ಕೂ ಹೆದರಿದೆ."

ಎಂಟು ಗೆರೆ ಬೀಗಕ್ಕೆ ದೊಡ್ಡದು, ನಮ್ಮ ಚಿಲಕಕ್ಕೆ ಲೆಕ್ಕಕ್ಕಿಲ್ಲ; ಬೆಲೆಯನ್ನು ಅವರೇ ಅರ್ಧಕ್ಕಿಂತ ಕೆಳಗಿಳಿಸಿದರು. ಶನಿವಾರ ಗಾಡಿ ತಂದು ಒಯ್ಯುವುದೆಂದು ಮಾತಾಯಿತು. ವಾಪಸು ಬಂದ ತಗಡುಗಳಲ್ಲಿ ಒಂದನ್ನು, "ನೆನಪಿಗೆ ಇಟ್ಕೋ, ನನ್ನ ಕಳಂಕ ಕಳೆದವಳು ನೀನು" ಎಂದು ನನ್ನ ಕೈಯಲ್ಲಿಟ್ಟರು.

~~ಮನೆಗೆ ಬಂದ ಮೇಲೆ ಕಡ್ಡಿಯನ್ನು ನೋಡಿದಾಗ ನನಗೆ ಗೊತ್ತಾಯಿತು,~~

ಮೇಲೆ ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ನೀನು ಓದಿಯೇ ಓದುತ್ತೀಯ. ಅದು ಸುಳ್ಳು. ಮನೆಗೆ ಬಂದ ಮೇಲೆ ಅಲ್ಲ, ಅಲ್ಲೇ ಗೊತ್ತಾಯಿತು. ಸಾಮಾನು ಚೀಲಕ್ಕೆ ತುಂಬುವಾಗ ಕಡ್ಡಿ ಕೈಜಾರಿ ಮೇಸ್ತ್ರಿಯ ಟೇಬಲ್ಲಿನ ಮೇಲೆ ಉರುಳಿತು. ನೇರವಾದ ಕಡ್ಡಿ ಸದ್ದಿಲ್ಲದೆ ಉರುಳುತ್ತದೆ. ಇದು ಟಕ್, ಟಕ್ ಎಂದು ಕುಂಟಿಕೊಂಡು ಉರುಳಿತು. ಸೊಟ್ಟ ಇದ್ದದ್ದು ನನ್ನ ಕಡ್ಡಿ.

ಯಾಕೆ ಸೊಟ್ಟ ಎಂದು ಕೇಳಿದರೆ ನಗುತ್ತೀಯ. ಊರಿಗೆಲ್ಲ ಚಿಲಕ ಮಾಡಿಕೊಡುವ ನಮ್ಮ ವರ್ಕ್‌ಶಾಪಿನ ಹಿಂಬಾಗಿಲಿಗೆ ಚಿಲಕವಿಲ್ಲ. ಒಳ್ಳೆಯದನ್ನು ಗಿರಾಕಿಗೆ ಕೊಟ್ಟು, ನಾಳೆ ಹಾಕೋಣ, ನಾಳೆ ಹಾಕೋಣ ಎಂದು ಮೂರು ವರ್ಷವಾಗಿದೆ. ಅಲ್ಲಿಯವರೆಗೆ ಬಾಗಿಲ ಬಳೆಗೆ ಸಿಕ್ಕಿಸುತ್ತಿದ್ದದ್ದು ಇದೇ ಪರೀಕ್ಷೆಯ ಕಡ್ಡಿಯನ್ನು, ಉದ್ದ ಸರಿಹೊಂದುತ್ತದೆಂದು. ಯಾರೋ ಹೊರಗಿನಿಂದ ಜೋರಾಗಿ ತಳ್ಳಿರಬೇಕು. ಕಡ್ಡಿಯ ಮೇಲೆ ಅನುಮಾನ ಬಂದರೆ ಅದನ್ನು ಸಡಿಲಿಸಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕಚ್ಚಿಸಿ ನೋಡಬೇಕೆಂದು ಚಿಕ್ಕಮ್ಮ ಹೇಳಿಕೊಟ್ಟಿದ್ದಳು. ಓಲಾಟದ ಉಬ್ಬು ಕಡ್ಡಿಯ ಜೊತೆಗೆ ಜಾಗ ಬದಲಿಸಿದರೆ ತಪ್ಪು ಕಡ್ಡಿಯದು. ನಾನು ಮಾಡಲಿಲ್ಲ. ನನಗೆ ಅನುಮಾನವೇ ಬರಲಿಲ್ಲ. ನಮ್ಮ ಮನೆಯ ಕಡ್ಡಿಯಲ್ಲವೇ.

ಉರುಳಿದ್ದನ್ನು ನಾನೊಬ್ಬಳೇ ನೋಡಿದೆ. ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಬಂದೆ. ಆ ಮುದುಕರ ಸಂತೋಷ ಕೆಡಿಸಬಾರದೆಂದು ಬಾಯಿ ಬಿಡಲಿಲ್ಲ ಎಂದು ಬರೆಯಬಹುದಿತ್ತು. ಅದು ಕಾಲು ಭಾಗ ನಿಜ. ಮುಕ್ಕಾಲು ಭಾಗ, ನನಗೆ ಮಿಷನ್ನು ಬೇಕಿತ್ತು.

ಗುರುವಾರ ಚಿಕ್ಕಮ್ಮನಿಗೆ ಹೇಳಿದೆ. ಅವಳು ಕಡ್ಡಿಯನ್ನು ಗಾಜಿನ ಮೇಲೆ ಉರುಳಿಸಿ ನೋಡಿ ಹಣೆ ಚಚ್ಚಿಕೊಂಡಳು. "ಬಾಯಿ ಮುಚ್ಕೊಂಡಿರು ಅಂತ ನಾನು ಹೇಳಲ್ಲ" ಎಂದಳು. "ಆದ್ರೆ ಗಾಡಿಯವನಿಗೆ ಹೇಳಿ ಆಗಿದೆ. ಗಿರಾಕಿಗೂ ಹೇಳಿ ಆಗಿದೆ. ಹೇಳೋದಾದ್ರೆ ಮಿಷನ್ ಇಲ್ಲಿಗೆ ಬಂದ ಮೇಲೆ ಹೇಳಬಾರ್ದಾ?" ಬುದ್ಧಿವಂತಿಕೆಯ ಮಾತೇ. ನಾನು ಹೂಂ ಅಂದೆ.

ಆದರೆ ಆ ತಗಡು ಜೇಬಿನಲ್ಲಿತ್ತಲ್ಲ. ಶುಕ್ರವಾರ ಕೈ ಡ್ರಿಲ್ಲು ಹಿಡಿದು ಕೂತಾಗ ತಲೆಗೆ ಹುಳ ಹೊಕ್ಕಿತು. ಸ್ಪಿಂಡಲ್ಲು ಓಲಾಡಿದರೆ ತೂತು ದೊಡ್ಡದಾಗಬೇಕು, ಜಾಗ ಬದಲಿಸಬಾರದು. ತಗಡನ್ನು ತೆಗೆದು ಅಳೆದೆ. ತೂತಿನ ಅಳತೆ ಕರಾರುವಾಕ್ಕು, ಅಂಚು ನುಣುಪು. ಇಡೀ ತೂತು ಅರ್ಧ ಮಿಲಿಮೀಟರು ಬಲಕ್ಕೆ ಸರಿದಿದೆ, ಅಷ್ಟೇ. ಮಿಷನ್ನಿನ ತಪ್ಪು ಅಲ್ಲವೇ ಅಲ್ಲ. ಹಾಗಾದರೆ ಕೈಯೇ? ಕೈಯಾದರೆ ಹೇಗೆ ಜಾರುತ್ತದೆ? ಅಮ್ಮ, ನಿನ್ನ ಶಾಲೆಯಲ್ಲಿ ಹತ್ತು ವರ್ಷ ಕೂತಿದ್ದೆ, ಒಂದು ಪ್ರಶ್ನೆಯೂ ನನ್ನನ್ನು ಹೀಗೆ ಪರಚಲಿಲ್ಲ. ಸಂಜೆ ಲೇತ್ ಅಂಗಡಿಗೆ ಹೋಗಿ, ಹೊಸದಾಗಿ ಸಾಣೆ ಹಿಡಿದ ಕಡ್ಡಿಯೊಂದನ್ನು ಕಾಡಿ ಬೇಡಿ ತಂದೆ.

ಶನಿವಾರ ಗಾಡಿಯವನನ್ನು ಹೊರಗೆ ನಿಲ್ಲಿಸಿ ಒಳಗೆ ಹೋದೆ. ಮೇಸ್ತ್ರಿ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕಡ್ಡಿ ಸೊಟ್ಟ, ಮಿಷನ್ ಸರಿಯಿದೆ, ಬುಧವಾರವೇ ಗೊತ್ತಾಗಿತ್ತು, ಹೇಳಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಸ ಕಡ್ಡಿಯನ್ನು ಕೈಗೆ ತೆಗೆದುಕೊಂಡು ತಾವೇ ಕಚ್ಚಿಸಿದರು. ಸುತ್ತಿದರು. ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಸುತ್ತಿದರು. ಮುಳ್ಳು ಒಂದು ಗೆರೆಯೂ ದಾಟಲಿಲ್ಲ. ಕಡ್ಡಿಯನ್ನು ಒರೆಸಿ ನನಗೆ ವಾಪಸು ಕೊಟ್ಟರು. "ಹಾಗಾದ್ರೆ ಕೈಯೇ" ಎಂದು ಸ್ಟೂಲಿನ ಮೇಲೆ ಕೂತರು. ಮೂರು ದಿನದ ಹಿಂದೆ ನಾನೇ ಎಬ್ಬಿಸಿ ನಿಲ್ಲಿಸಿದವರು. ಕೂತದ್ದು ನೋಡಲಾಗಲಿಲ್ಲ.

ಹೊರಗಿನಿಂದ ಗಾಡಿಯವನು, "ಏನಮ್ಮಾ, ಮಿಷನ್ ಎತ್ತೋದಾ, ಇಲ್ಲ ನಾನೂ ಒಳಗೆ ಬಂದು ಮಲ್ಕೊಳ್ಳೋದಾ?" ಎಂದು ಕೂಗಿದ.

"ಎತ್ಕೊಂಡು ಹೋಗು" ಎಂದರು ಮೇಸ್ತ್ರಿ.

"ಒಂದು ತಗಡಿಗೆ ಗುರುತು ಹಾಕಿ ತೋರಿಸಿ ತಾತ" ಎಂದೆ.

"ಯಾಕೆ? ಇನ್ನೊಂದು ಸಲ ಮಂಗ ಮಾಡಕ್ಕಾ?"

"ನಂಗೆ ಗೊತ್ತಾಗ್ಬೇಕು. ಗೊತ್ತಾಗದೆ ನಾನಿಲ್ಲಿಂದ ಹೋಗಲ್ಲ."

"ಎಂಥಾ ಹಠಮಾರಿ ಹುಡುಗೀನಪ್ಪ ಇದು. ನಿಮ್ಮಮ್ಮ ಹೇಗೆ ಸಾಕಿದ್ಲೋ!" ಎಂದರು. (ಸಾಕಲಾಗದೆ ಚಿಕ್ಕಮ್ಮನ ಹತ್ತಿರ ಕಳಿಸಿದ್ದಾಳೆ ಎಂದೆ. ಕ್ಷಮಿಸು.)

ಕೊನೆಗೆ ಎದ್ದರು. ತೂತು ಕೊರೆಯುವ ಮೊದಲು ಅದರ ಜಾಗಕ್ಕೆ ಗೀರು ಹಾಕಿ, ಗೀರು ಕೂಡುವಲ್ಲಿ ಚೂಪಾದ ಪಂಚನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಸುತ್ತಿಗೆಯಿಂದ ಟಕ್ ಎಂದು ಒಂದೇಟು ಕೊಡುತ್ತಾರೆ. ಡ್ರಿಲ್ಲು ಆ ಗುಳಿಯಲ್ಲೇ ಇಳಿಯುತ್ತದೆ. ಹತ್ತು ಗುಳಿ ಹೊಡೆಯಲು ಹೇಳಿದೆ. ಹೊಡೆದರು. ಭೂತಗನ್ನಡಿಯಲ್ಲಿ ನೋಡಿದೆ. ಹತ್ತೂ ಗೀರಿನಿಂದ ಬಲಕ್ಕೆ. ಎಲ್ಲವೂ ಒಂದೇ ಅಳತೆಗೆ, ಸಾಲಾಗಿ ನಿಂತ ಮಕ್ಕಳ ಹಾಗೆ.

"ತಾತ, ಕೈ ಹೋಗಿದ್ರೆ ಒಂದು ಆಚೆ ಒಂದು ಈಚೆ ಬೀಳ್ಬೇಕಲ್ವಾ? ಹತ್ತೂ ಒಂದೇ ಕಡೆಗೆ ಹೇಗೆ ಹೋಗುತ್ತೆ?"

ಅವರು ಭೂತಗನ್ನಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಇನ್ನೊಮ್ಮೆ ಹೊಡೆಯಿರಿ ಎಂದೆ. ಈ ಸಲ ಹತ್ತಿರದಿಂದ ನೋಡೋಣವೆಂದು ಅವರ ಬಲಕ್ಕೆ ಹೋಗಿ ಬಗ್ಗಿದೆ. "ಬೆಳಕಿಗೆ ಅಡ್ಡ ನಿಂತ್ಕೋಬೇಡ್ವೇ" ಎಂದು ಗದರಿದರು. ಸರಿದು ನಿಂತೆ. ಅಮ್ಮ, ಉತ್ತರ ಆ ಬೈಗುಳದಲ್ಲೇ ಇತ್ತು. ಟ್ಯೂಬ್‌ಲೈಟು ಇರುವುದು ಬಲಗಡೆ. ಸುತ್ತಿಗೆ ಹಿಡಿದ ಬಲಗೈ ಅದಕ್ಕೆ ಅಡ್ಡ. ಕೈಯ ನೆರಳು ಬೀಳುವುದು ಸರಿಯಾಗಿ ಗೀರಿನ ಮೇಲೆ. ಅವರು ಗೀರು ಕಾಣಲೆಂದು ಪಂಚಿನ ತಲೆಯನ್ನು ಎಡಕ್ಕೆ ತುಸುವೇ ವಾಲಿಸುತ್ತಿದ್ದರು, ತಮಗೇ ತಿಳಿಯದ ಹಾಗೆ. ತಲೆ ಎಡಕ್ಕೆ ವಾಲಿದರೆ, ಏಟು ಬಿದ್ದಾಗ ತುದಿ ಬಲಕ್ಕೆ ಜಾರುತ್ತದೆ. ನಿನ್ನ ತರಗತಿಯಲ್ಲಿ ಕಿಟಕಿಗಳೆಲ್ಲ ಮಕ್ಕಳ ಎಡಗಡೆಗೇ ಯಾಕಿವೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

"ಆ ಗೋಡೆ ಯಾವಾಗ ಬಂತು ತಾತ?" ಎಂದು ಕಿಟಕಿ ತೋರಿಸಿದೆ.

"ಎರಡು ವರ್ಷ..." ಎಂದವರು ಮಾತು ಅಲ್ಲೇ ಬಿಟ್ಟು ಕಿಟಕಿಯತ್ತ ತಿರುಗಿದರು. ಎಡಗಡೆಯ ಬೆಳಕನ್ನೆಲ್ಲ ಆ ಗೋಡೆ ತಿಂದಿತ್ತು.

ತಗಡು, ಪಂಚು, ಸುತ್ತಿಗೆ ಎಲ್ಲವನ್ನೂ ಹೊಸ್ತಿಲಿಗೆ ಒಯ್ದೆವು. ಬೀದಿಯ ಬೆಳಕು ಎಡಗಡೆಯಿಂದ ಬೀಳುವ ಹಾಗೆ ಅವರು ಕೂತರು. ಗಾಡಿಯವನೂ ಬೀಡಿ ಆರಿಸಿ ಬಂದು ಬಗ್ಗಿದ. ಹತ್ತು ಏಟು. ಹತ್ತೂ ಗೀರು ಕೂಡುವಲ್ಲೇ, ಕಣ್ಣಿಗೆ ಕಾಡಿಗೆ ಇಟ್ಟ ಹಾಗೆ. ಮೇಸ್ತ್ರಿ ಒಳಗೆ ಹೋಗಿ ಮಿಷನ್ನು ಹಾಕಿ ಹತ್ತನ್ನೂ ಕೊರೆದರು. ಹೊರಗೆ ಬಂದು ನನ್ನನ್ನು ನೋಡಲಿಲ್ಲ, ತಗಡನ್ನು ನೋಡಲಿಲ್ಲ. ಗಾಡಿಯವನಿಗೆ ಹೇಳಿದರು: "ಹೋಗಪ್ಪ. ಇಲ್ಲಿಂದ ಎತ್ತೋ ಅಂಥದ್ದು ಏನೂ ಇಲ್ಲ."

ಖಾಲಿ ಗಾಡಿಯಲ್ಲಿ ಕೂತು ಬಂದೆ. ಗಾಡಿಯವನು ದಾರಿಯುದ್ದಕ್ಕೂ, "ಭಾರ ಜಾಸ್ತಿ ಆಯ್ತು, ಸ್ವಲ್ಪ ಇಳಿದು ತಳ್ತೀಯಾ?" ಎಂದು ಕಿಚಾಯಿಸಿದ. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಮಿಷನ್ನಿಗೆಂದು ನೆಲ ಗುಡಿಸಿ, ಜಾಗಕ್ಕೆ ಸೀಮೆಸುಣ್ಣದಲ್ಲಿ ಚೌಕ ಬರೆದಿಟ್ಟಿದ್ದಳು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಳಗಿದ್ದ ಕೆಲಸದವರಿಗೆಲ್ಲ ಕೇಳುವ ಹಾಗೆ, "ನೋಡ್ರಪ್ಪ, ಮಿಷನ್ ತಗೊಂಡು ಬಾ ಅಂತ ಕಳಿಸಿದ್ರೆ, ಮಿಷನ್ನಿಗೆ ಯಜಮಾನನ್ನ ಹುಡುಕಿ ಕೊಟ್ಟು ಬಂದಿದ್ದಾಳೆ!" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, ನಗದೆ ಹೇಳಿದಳು: "ನೀನು ಮಾಡಿದ್ದು ತಪ್ಪಲ್ಲ ಮಗಳೇ. ಆದ್ರೆ ಬರೋ ವಾರದಿಂದ ತೂತಿನ ಕೆಲಸ ಹೊರಗೆ ಹೋಗುತ್ತೆ. ನಿಂಗೆ ಕೊಡಕ್ಕೆ ಬೇರೆ ಕೆಲಸ ನನ್ನ ಹತ್ರ ಇಲ್ಲ."

ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಕಲಿತದ್ದೇನೆಂದರೆ, ಪರೀಕ್ಷೆ ಮಾಡುವ ಕಡ್ಡಿಯನ್ನು ಮೊದಲು ಪರೀಕ್ಷಿಸಬೇಕು. ಅದನ್ನು ಕಲಿಯಲು ಕೈಗೆ ಬಂದ ಮಿಷನ್ನನ್ನು ಕಳೆದುಕೊಂಡೆ. ಇದಕ್ಕೆ ನೀನು ಎಷ್ಟು ಅಂಕ ಕೊಡುತ್ತೀಯೋ ನನಗೆ ತಿಳಿಯದು. ಶಾಲೆಗೆ ಬರಲು ಮನಸ್ಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿ ಉಳಿಯಲು ಕಾರಣವಿದೆ ಎಂದು ಬರೆದರೂ ಸುಳ್ಳಾಗುತ್ತದೆ. ಚೀಲ ಹಿಡಿದು ಬರುವುದಾದರೆ ಬಾ, ಅಡಗಿ ಕೂರುವುದಿಲ್ಲ. ಬೆಂಚಿನ ಮೇಲೆ ಕೂರುತ್ತೇನೆ, ಆದರೆ ಕಾಲು ಅಲುಗಾಡಿಸುವುದನ್ನು ನಿಲ್ಲಿಸಲು ಆಗುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಅಂದ ಹಾಗೆ ಹಿಂಬಾಗಿಲಿಗೆ ನಿನ್ನೆ ಚಿಲಕ ಹಾಕಿದೆ. ಆರು ತೂತು. ಒಂದು ವಾಲಿದೆ.

ನಿನ್ನ ಆರೋಗ್ಯ ನೋಡಿಕೋ. ರಾತ್ರಿ ಉತ್ತರಪತ್ರಿಕೆ ತಿದ್ದುವಾಗ ದೀಪವನ್ನು ಎಡಗಡೆಗೆ ಇಟ್ಟುಕೋ.

ನಿನ್ನ ಒಬ್ಬಳೇ ಮಗಳು,
ಹದಿನಾಲ್ಕು ತಪ್ಪಿನವಳು

ತಾ.ಕ. — ಮಂಗಳವಾರ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ವರ್ಕ್‌ಶಾಪಿಗೆ ಬಂದರು. "ಹೊರಗೆ ಬಾ, ನಿನ್ನ ಹತ್ರ ಮಾತಿದೆ" ಎಂದರು. ಧನ್ಯವಾದ ಹೇಳಲು ಬಂದಿದ್ದಾರೆಂದುಕೊಂಡೆ, ಮೂರ್ಖಳು.

"ಶನಿವಾರದಿಂದ ಊಟಕ್ಕೂ ಎದ್ದು ಬರ್ತಿಲ್ಲ ಅವರು. ಲೈಟ್ ಕಿತ್ತು ಎಡಗಡೆ ಹಾಕಿಸ್ಕೊಂಡಾಯ್ತು. ಬೀಗದವನ ಹತ್ರ ಹೋಗಿ ಮೂರು ಡಬ್ಬಿ ತಗಡು ಹೊತ್ಕೊಂಡು ಬಂದಾಯ್ತು" ಎಂದರು. ಆಮೇಲೆ ದನಿ ತಗ್ಗಿಸಿದರು. "ನಂಗೆ ಗೊತ್ತಿತ್ತು ಕಣೇ. ಗೋಡೆ ಎದ್ದ ವಾರವೇ ನಾನು ನನ್ನ ಹೊಲಿಗೆ ಮಿಷನ್ನನ್ನ ಬಾಗಿಲ ಕಡೆ ತಿರುಗಿಸಿ ಇಟ್ಕೊಂಡಿದ್ದೆ. ಅವರಿಗೆ ಹೇಳ್ಲಿಲ್ಲ. ಹೇಳೋಣ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಅವರು ಮಧ್ಯಾಹ್ನ ಬಂದು ನನ್ನ ಪಕ್ಕ ಕೂತ್ಕೊಳಕ್ಕೆ ಶುರು ಮಾಡಿದ್ರು. ಮದುವೆಯಾಗಿ ನಲವತ್ತೊಂದು ವರ್ಷಕ್ಕೆ ಮೊದಲನೇ ಸಲ. ಸಪ್ಪಗೆ ಕೂತಿರ್ತಿದ್ರು. ಆದ್ರೂ ಕೂತಿರ್ತಿದ್ರು."

"ಅವರಿಗೆ ಹೇಳ್ಬಿಡ್ತೀಯಾ?" ಎಂದರು. ಮೇಸ್ತ್ರಿ ತಾವಾಗಿ ಕೇಳಿದರೆ ಸುಳ್ಳು ಹೇಳಲಾರೆ, ಆದರೆ ಅವರು ಕೇಳುವ ಪ್ರಶ್ನೆ ಇದಲ್ಲ ಎಂದೆ. ನಿನಗೆ ಮಾತ್ರ ಬರೆಯುತ್ತಿದ್ದೇನೆ. ನಾನು ಮಾಡಿದ್ದು ಸರಿಯೋ ತಪ್ಪೋ ಈಗ ನಿಜವಾಗಿ ಗೊತ್ತಿಲ್ಲ. ನಿನಗೆ ಗೊತ್ತಾದರೆ ಬರೆ, ಯಾವ ಶಾಯಿಯಲ್ಲಾದರೂ ಸರಿ.

ಅಜ್ಜಿ ನನ್ನ ರಟ್ಟೆ ಹಿಡಿದರು. "ನೀನೇ ಹಚ್ಚಿದ್ದು, ನೀನೇ ಆರಿಸ್ಬೇಕು. ದಿನಾ ಎರಡು ಗಂಟೆಗೆ ಬಾ. ಬಂದು ಆ ಹಿಡಿ ನಿನ್ನ ಕೈಗೆ ತಗೋ. ನಿಮ್ಮ ಚಿಲಕದ ತೂತೂ ಕೊರ್ಕೋ, ಅವರ ತಗಡೂ ಕೊರಿ, ನಂಗೇನಾಗ್ಬೇಕು. ಅವರನ್ನ ಎಬ್ಬಿಸಿ ನನ್ನ ಹತ್ರ ಕಳಿಸ್ಬೇಕು, ಅಷ್ಟೇ. ಒಪ್ಪಿಸಿ ಆಗಿದೆ. ನೀನು ಬಿಟ್ಟು ಬೇರೆ ಯಾರೂ ಮುಟ್ಟಕೂಡ್ದಂತೆ."

ಒಳಗಿನಿಂದ ಚಿಕ್ಕಮ್ಮನ ದನಿ ಬಂತು: "ಎರಡಕ್ಕಲ್ಲ ಅಜ್ಜಿ, ಒಂದೂವರೆಗೇ ಕಳಿಸ್ತೀನಿ!"

ಈಗ ಒಂದು ಗಂಟೆ ಇಪ್ಪತ್ತು ನಿಮಿಷ. ಅಮ್ಮ, ಬರುವುದಿದ್ದರೆ ಬೆಳಗಿನ ಬಸ್ಸಿಗೇ ಬಾ. ಮಧ್ಯಾಹ್ನ ನಾನು ಸಿಗುವುದಿಲ್ಲ.